‘ಆರೋಗ್ಯಕರ’ ಅಂತ ಬೋರ್ಡ್ ಹಾಕಿ ಕೈ ಸುಟ್ಟುಕೊಂಡೆ

ತುಮಕೂರಿನಲ್ಲಿ ಹುಡುಗರ ಹಾಸ್ಟೆಲ್ ಒಂದರ ಮೆಸ್ ನಡೆಸುತ್ತೇನೆ. ಒಂದು ಹೊತ್ತಿಗೆ 150 ಊಟ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತಲ್ಲ, ಆಗ ನನಗೂ ಹುಮ್ಮಸ್ಸು ಬಂತು. ಭತ್ತ ಕುಡಿಯುವಷ್ಟು ನೀರು ನವಣೆ, ಸಾಮೆಗೆ ಬೇಡ, ಮಳೆ ನಂಬಿದ ಹೊಲದಲ್ಲೇ ಬರುತ್ತವೆ, ಹುಡುಗರ ಹೊಟ್ಟೆಗೂ ಒಳ್ಳೆಯದು ಅಂತ ಲೆಕ್ಕ ಹಾಕಿದೆ. ‘ಆರೋಗ್ಯಕರ ಸಿರಿಧಾನ್ಯ ಊಟ’ ಅಂತ ಹಸಿರು ಬೋರ್ಡ್ ಬರೆಸಿ, ಕೌಂಟರಿನ ಕೊನೆಯಲ್ಲಿ ನವಣೆ ಅನ್ನ ಇಟ್ಟೆ. ಮೂರನೇ ದಿನ ಒಬ್ಬ ಹುಡುಗ ಕೇಳಿದ, “ಅಣ್ಣಾ, ಇದು ಶುಗರ್ ಇರೋರಿಗಾ?”

ಅವತ್ತಿನ ನವಣೆಯೂ ಮುಸುರೆ ಬಕೆಟ್ ಸೇರಿತು.

ತಪ್ಪು ಹುಡುಗರದ್ದಲ್ಲ. ಆ ಬೋರ್ಡ್ ಓದಿದರೆ ನನಗೇ ಕಷಾಯದ ನೆನಪಾಗುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಇದನ್ನೇ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅದೇ ತರಕಾರಿ, ಅದೇ ಅಡುಗೆ, ಹೆಸರು ಮಾತ್ರ ದಿನಕ್ಕೊಂದು. ಬಾಯಲ್ಲಿ ನೀರೂರಿಸುವ ಹೆಸರಿಟ್ಟಾಗ, ‘ಕೊಬ್ಬು ಕಮ್ಮಿ, ಸಕ್ಕರೆ ಇಲ್ಲ’ ಥರದ ಹೆಸರಿಗಿಂತ ಶೇ. 41ರಷ್ಟು ಜಾಸ್ತಿ ಜನ ಬಡಿಸಿಕೊಂಡರಂತೆ.

ಬೋರ್ಡ್ ಇಳಿಸಿದೆ. ಅದೇ ನವಣೆಯಲ್ಲಿ ಬಿಸಿಬೇಳೆಬಾತ್ ಮಾಡಿಸಿ, ‘ತುಪ್ಪ, ಖಾರಾಬೂಂದಿ ಹಾಕಿದ ಬಿಸಿಬೇಳೆಬಾತ್ (ನವಣೆ)’ ಅಂತ ಬರೆದು, ಪಾತ್ರೆಯನ್ನು ಕೌಂಟರಿನ ಮೊದಲಿಗೆ ತಂದೆ. ಮುಚ್ಚಿಟ್ಟು ತಿನ್ನಿಸೋದು ನನಗೆ ಇಷ್ಟವಿಲ್ಲ, ಅದಕ್ಕೇ ಬ್ರಾಕೆಟ್ಟಿನಲ್ಲಾದರೂ ನವಣೆ ಇರಲಿ ಅಂತ. ಹಸಿದು ಬಂದವನು ಮೊದಲು ಕಂಡ ಪಾತ್ರೆಯಿಂದಲೇ ತಟ್ಟೆ ತುಂಬಿಸಿಕೊಳ್ಳುತ್ತಾನೆ, ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ತಟ್ಟೆಯಲ್ಲಿ ಜಾಗ ಇರಲ್ಲ, ಅಲ್ವಾ? ಆ ವಾರ ಪಾತ್ರೆ ಖಾಲಿ.

ಅಡುಗೆ ಭಟ್ಟರು ಮಾತ್ರ ಗೊಣಗುತ್ತಲೇ ಇದ್ದರು. ಅವರ ದೂರಿನಲ್ಲೂ ಅರ್ಥವಿತ್ತು. ನವಣೆ ಹಾಟ್‌ಬಾಕ್ಸಿನಲ್ಲಿ ಒಂದು ಗಂಟೆ ಕೂತರೆ ಒಣಗಿ ಗಂಟಲಿಗೆ ಹಿಡಿಯುತ್ತದೆ. ಎರಡು ಗಂಟೆ ನೆನೆಸಿ, ನೀರು ಜಾಸ್ತಿ ಇಟ್ಟು, ಎರಡು ಸರತಿಯಲ್ಲಿ ಬೇಯಿಸಿದ ಮೇಲೆ ಸರಿಹೋಯಿತು. ಮೊದಲ ವಾರದ ಸೋಲಿಗೆ ಬೋರ್ಡಿನಷ್ಟೇ ಈ ಒಣಕಲು ಅನ್ನವೂ ಕಾರಣ ಅಂತ ಈಗ ಅನ್ನಿಸುತ್ತದೆ.

ಆಮೇಲೆ ಬಿಳಿ ಅನ್ನದ ಕಡೆ ತಿರುಗಿದೆ. ಬಡಿಸುವ ಹುಡುಗ ಕೇಳದೆಯೇ ಗುಡ್ಡೆ ಹಾಕುತ್ತಿದ್ದ. ಸೌಟು ಚಿಕ್ಕದು ಮಾಡಿಸಿ, ಎರಡನೇ ಸಲ ಎಷ್ಟು ಬೇಕಾದರೂ ಕೇಳಿ ಅಂತ ಹೇಳಿದೆ. ತುಂಬಾ ಹುಡುಗರು ಎರಡನೇ ಸಲ ಬರಲೇ ಇಲ್ಲ. ಮುಸುರೆ ಬಕೆಟ್ ಮೂರರಿಂದ ಎರಡಕ್ಕೆ ಇಳಿಯಿತು. ಮುದ್ದೆಯನ್ನೂ ಅರ್ಧ ಸೈಜಿಗೆ ಕಟ್ಟಿಸಿದೆ. ಮುದ್ದೆ ನುಂಗಬೇಕು, ಅಗಿಯಬಾರದು ಅಂತ ರಾಯಚೂರು ಕಡೆಯ ಹುಡುಗರಿಗೆ ಎಷ್ಟು ಹೇಳಿದರೂ ಅಗಿಯೋದು ಬಿಡಲಿಲ್ಲ. ಜೋಳದ ರೊಟ್ಟಿ ತಿಂದು ಬೆಳೆದವರು, ಪಾಪ. ಅವರಿಗೋಸ್ಕರ ಗುರುವಾರ ರಾಗಿ ರೊಟ್ಟಿ ಶುರು ಮಾಡಿದೆ, ಈಗ ಅದಕ್ಕೆ ಊರಿನ ಹುಡುಗರದ್ದೇ ಕ್ಯೂ.

ದುಡ್ಡಿನ ವಿಷಯ ಹೇಳಲೇಬೇಕು. ರಾಗಿ ಗಿಟ್ಟುತ್ತದೆ. ನವಣೆ, ಸಾಮೆ ಅಕ್ಕಿಗಿಂತ ದುಬಾರಿ, ಅದಕ್ಕೇ ವಾರಕ್ಕೆ ಎರಡೇ ದಿನ. ಭಾನುವಾರದ ಬಿರಿಯಾನಿ ಮುಟ್ಟುವ ಧೈರ್ಯ ನನಗಿನ್ನೂ ಬಂದಿಲ್ಲ.