ಊರಿಗೆ ಚಿನ್ನ ಒಯ್ಯುವ ಮುನ್ನ: ಯುಎಇಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಹೊಸದಾಗಿ ಬಂದವರು ಸಂಘದಲ್ಲಿ ಮೊದಲು ಕೇಳುವುದು ಮನೆ ಬಾಡಿಗೆ, ಎಮಿರೇಟ್ಸ್ ಐಡಿ, ಮಕ್ಕಳ ಶಾಲೆ. ಬೇಸಿಗೆ ರಜೆ ಹತ್ತಿರ ಬಂತು ಅನ್ನುವಾಗ ಪ್ರಶ್ನೆ ಬದಲಾಗುತ್ತದೆ. "ಊರಿಗೆ ಎಷ್ಟು ಚಿನ್ನ ತಗೊಂಡು ಹೋಗಬಹುದು?" ಇದಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ, ಯಾಕೆಂದರೆ ಒಬ್ಬೊಬ್ಬರಿಗೂ ಉತ್ತರ ನಿಜವಾಗಿಯೂ ಬೇರೆ. ನೀವು ಇಲ್ಲಿಗೆ ಬಂದು ಎಷ್ಟು ದಿನವಾಯಿತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಆದ್ದರಿಂದ ದುಬೈನ ಚಿನ್ನದ ಪೇಟೆ ಗೋಲ್ಡ್ ಸೂಕ್‌ಗೆ ಹೋಗುವ ಮೊದಲು ಪಾಸ್‌ಪೋರ್ಟ್ ತೆಗೆದು, ಭಾರತ ಬಿಟ್ಟ ದಿನದ ಮುದ್ರೆ ನೋಡಿಕೊಳ್ಳಿ. ಚಿನ್ನದ ರೇಟು ಆಮೇಲೆ ನೋಡಿದರಾಯಿತು.

ಒಂದು ವರ್ಷ, ಆರು ತಿಂಗಳು

ವಿದೇಶದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ವಾಸ ಮಾಡಿ ಭಾರತಕ್ಕೆ ಹೋಗುವ ಹೆಂಗಸರು 40 ಗ್ರಾಂ, ಗಂಡಸರು 20 ಗ್ರಾಂ ಒಡವೆಯನ್ನು ಸುಂಕವಿಲ್ಲದೆ ಒಯ್ಯಬಹುದು. ನಮ್ಮ ಕರಾವಳಿಯವರ ಲೆಕ್ಕದಲ್ಲಿ ಐದು ಪವನು ಮತ್ತು ಎರಡೂವರೆ ಪವನು. 2016ರ ಬ್ಯಾಗೇಜ್ ನಿಯಮಗಳಲ್ಲಿ ಇದಕ್ಕೆ ಬೆಲೆಯ ಮಿತಿಯೂ ಇತ್ತು: ಹೆಂಗಸರಿಗೆ 1 ಲಕ್ಷ ರೂಪಾಯಿ, ಗಂಡಸರಿಗೆ 50 ಸಾವಿರ. ಚಿನ್ನದ ಬೆಲೆ ಏರುತ್ತಾ ಹೋದ ಹಾಗೆ ಆ 40 ಗ್ರಾಂ ಕಾಗದದ ಮೇಲಷ್ಟೇ ಉಳಿದಿತ್ತು. ಎರಡು ಸಣ್ಣ ಬಳೆಗೇ ಒಂದು ಲಕ್ಷ ದಾಟುತ್ತಿತ್ತು, ಅಲ್ವಾ? 2026ರ ಫೆಬ್ರವರಿಯಲ್ಲಿ ಬಂದ ಹೊಸ ಬ್ಯಾಗೇಜ್ ನಿಯಮಗಳಲ್ಲಿ ಬೆಲೆಯ ಮಿತಿ ತೆಗೆದರು. ಈಗ ನೋಡುವುದು ತೂಕ ಮಾತ್ರ. ಹಳೆಯ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಇನ್ನೂ ಒಂದು ಲಕ್ಷದ ಮಾತೇ ಓಡಾಡುತ್ತಿದೆ. ಅದನ್ನು ಬಿಡಿ.

ಇದು ಒಡವೆಗೆ ಮಾತ್ರ ಕೊಟ್ಟ ರಿಯಾಯಿತಿ. ಚಿನ್ನದ ಕಾಯಿನ್, ಬಿಸ್ಕತ್ತು, ಬಾರ್ ಇವಕ್ಕೆ ಒಂದು ಗ್ರಾಂ ಕೂಡ ಬಿಟ್ಟಿಯಿಲ್ಲ. ಮಗುವಿನ ನಾಮಕರಣಕ್ಕೆ ಅಂತ ಎರಡು ಕಾಯಿನ್ ತೆಗೆದುಕೊಂಡವರು ಇದನ್ನು ಗಮನಿಸಿ.

ಇನ್ನು ಆರು ತಿಂಗಳ ವಿಷಯ. ಭಾರತೀಯ ಪಾಸ್‌ಪೋರ್ಟ್ ಇರುವವರು ಅಥವಾ ಭಾರತೀಯ ಮೂಲದವರು ಕನಿಷ್ಠ ಆರು ತಿಂಗಳು ಹೊರಗಿದ್ದು ಹೋದರೆ, 1 ಕಿಲೋವರೆಗೆ ಚಿನ್ನವನ್ನು ಕಡಿಮೆ ಸುಂಕ ಕಟ್ಟಿ ಒಯ್ಯಬಹುದು. 2024ರ ಜುಲೈ ಬಜೆಟ್‌ನಲ್ಲಿ ಈ ಸುಂಕವನ್ನು 15%ರಿಂದ 6%ಕ್ಕೆ ಇಳಿಸಿದರು. ಇದರಲ್ಲಿ ಬಾರ್, ಕಾಯಿನ್, ಒಡವೆ ಎಲ್ಲ ಸೇರುತ್ತವೆ. ಆದರೆ ಹರಳು ಅಥವಾ ಮುತ್ತು ಕೂರಿಸಿದ ಒಡವೆ ಸೇರುವುದಿಲ್ಲ. ಸುಂಕವನ್ನು ವಿದೇಶಿ ಕರೆನ್ಸಿಯಲ್ಲೇ ಕಟ್ಟಬೇಕು. ಜೇಬಿನಲ್ಲಿ ಬರೀ ರೂಪಾಯಿ ಇಟ್ಟುಕೊಂಡು ಇಳಿಯಬೇಡಿ. ನಡುವೆ ಮದುವೆ, ತಿಥಿ ಅಂತ ಊರಿಗೆ ಹೋಗಿ ಬಂದಿದ್ದರೆ ಗಾಬರಿ ಬೇಡ. ಆ ಆರು ತಿಂಗಳಲ್ಲಿ ಅಂಥ ಭೇಟಿಗಳೆಲ್ಲ ಸೇರಿ 30 ದಿನ ಮೀರಬಾರದು, ಅಷ್ಟೇ. ಆ ಭೇಟಿಗಳಲ್ಲಿ ಈ ರಿಯಾಯಿತಿ ಬಳಸಿಕೊಂಡಿರಲೂಬಾರದು.

ಆರು ತಿಂಗಳೂ ಆಗಿಲ್ಲ ಅಂದರೆ? ಆಗ ಮಾಮೂಲಿ ಬ್ಯಾಗೇಜ್ ದರ: 35% ಸುಂಕ, ಅದರ ಮೇಲೆ ಸರ್‌ಚಾರ್ಜ್ ಸೇರಿ 38.5%. ದುಬೈನಲ್ಲಿ ಚೌಕಾಸಿ ಮಾಡಿ ಉಳಿಸಿದ್ದೆಲ್ಲ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಹೋಯಿತು, ಮೇಲಿಂದ ಕೈಯಿಂದಲೂ ಹೋಯಿತು. ಬಂದ ಮೊದಲ ರಜೆಗೇ ಚಿನ್ನ ಒಯ್ಯುವ ಆಸೆ ಇಟ್ಟುಕೊಳ್ಳಬೇಡಿ ಎಂದು ನಾವು ಪ್ರತಿ ವರ್ಷ ಹೇಳುವುದು ಇದಕ್ಕೇ.

ಒಂದು ಲೆಕ್ಕ

ಒಂದೂವರೆ ವರ್ಷದಿಂದ ಶಾರ್ಜಾದಲ್ಲಿರುವ ಅಕ್ಕ ಒಬ್ಬರು ಹೊಸ ನೆಕ್ಲೆಸ್, ಬಳೆ ಸೇರಿ 64 ಗ್ರಾಂ ಒಯ್ಯುತ್ತಾರೆ ಅಂದುಕೊಳ್ಳಿ. 40 ಗ್ರಾಂಗೆ ಸುಂಕವಿಲ್ಲ. ಉಳಿದ 24 ಗ್ರಾಂಗೆ ಇದೆ. ಲೆಕ್ಕ ಸುಲಭವಾಗಲಿ ಎಂದು ಗ್ರಾಂಗೆ 10,000 ರೂಪಾಯಿ ಇಡೋಣ. 2,40,000 ರೂಪಾಯಿಗೆ 2024ರ ಬಜೆಟ್‌ನ 6% ದರದಲ್ಲಿ 14,400. ಅದೇ 24 ಗ್ರಾಂಗೆ ಮಾಮೂಲಿ 38.5% ಬಿದ್ದರೆ 92,400. ಕಸ್ಟಮ್ಸ್‌ನವರು ನಿಮ್ಮ ಬಿಲ್ಲಿನ ಬೆಲೆಯನ್ನೇ ಹಿಡಿಯುತ್ತಾರೆ ಎಂದುಕೊಳ್ಳಬೇಡಿ. ಚಿನ್ನಕ್ಕೆ ಸರ್ಕಾರ ಹದಿನೈದು ದಿನಕ್ಕೊಮ್ಮೆ ಒಂದು ದರ ಪ್ರಕಟಿಸುತ್ತದೆ, ಕೌಂಟರಿನಲ್ಲಿ ನಡೆಯುವುದು ಆ ದರವೇ. ಸುಂಕದ ಪ್ರಮಾಣವೂ ಬಜೆಟ್‌ನಲ್ಲೋ ನಡುವೆಯೋ ಬದಲಾಗಬಹುದು. ಹೊರಡುವ ವಾರ ಕಸ್ಟಮ್ಸ್ ವೆಬ್‌ಸೈಟ್ ಒಮ್ಮೆ ನೋಡಿಬಿಡಿ.

"ನಮ್ಮ ಯಜಮಾನರದ್ದು 20 ಗ್ರಾಂ ಇದೆಯಲ್ಲ, ಸೇರಿಸಿ 60 ಮಾಡಿಕೊಂಡರೆ?" ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಒಬ್ಬರ ಮಿತಿಗೆ ಇನ್ನೊಬ್ಬರದ್ದು ಸೇರಿಸುವಂತಿಲ್ಲ. ಅವರ ಪಾಲಿನ ಚೈನು ಅವರ ಹತ್ತಿರವೇ ಇರಲಿ, ಬಿಲ್ಲೂ ಅವರ ಹೆಸರಿನಲ್ಲೇ ಇರಲಿ.

ಅಂಗಡಿಯಲ್ಲಿ

ಯುಎಇಯಲ್ಲಿ 2018ರ ಜನವರಿಯಿಂದ 5% ವ್ಯಾಟ್ ಇದೆ. ಒಡವೆಗೆ, ಮಜೂರಿಗೆ ಎರಡಕ್ಕೂ ಬೀಳುತ್ತದೆ. ರೆಸಿಡೆನ್ಸ್ ವೀಸಾ ಇರುವ ನಮಗೆ ಅದು ವಾಪಸ್ ಸಿಗುವುದಿಲ್ಲ. ವಿಸಿಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮ ಕೊಂಡರೆ ಸಿಗುತ್ತದೆ. ಬಿಲ್ಲು 250 ದಿರ್ಹಮ್ ಆದರೂ ಇರಬೇಕು, ಅಂಗಡಿ ಟೂರಿಸ್ಟ್ ರೀಫಂಡ್ ಯೋಜನೆಯಲ್ಲಿರಬೇಕು, ಬಿಲ್ಲು ಮಾಡಿಸುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು. ವಿಮಾನ ನಿಲ್ದಾಣದಲ್ಲಿ ಲಗೇಜ್ ಹಾಕುವ ಮೊದಲೇ ರೀಫಂಡ್ ಕೌಂಟರಿಗೆ ಹೋಗಿ. ಪೂರ್ತಿ 5% ಬರುವುದಿಲ್ಲ, ಸ್ವಲ್ಪ ಶುಲ್ಕ ಹಿಡಿದುಕೊಳ್ಳುತ್ತಾರೆ.

ಇಲ್ಲೊಂದು ತಿರುವಿದೆ. ವ್ಯಾಟ್ ಉಳಿಯುತ್ತದೆ ಎಂದು ಅಮ್ಮನ ಹೆಸರಿನಲ್ಲಿ ಕೊಳ್ಳುತ್ತೀರಿ. ಅಮ್ಮ ಇಲ್ಲಿದ್ದದ್ದು ಎರಡು ತಿಂಗಳು. ಅವರಿಗೆ 40 ಗ್ರಾಂ ರಿಯಾಯಿತಿಯೂ ಇಲ್ಲ, ಕಡಿಮೆ ಸುಂಕವೂ ಇಲ್ಲ. ಐದು ಪರ್ಸೆಂಟ್ ಉಳಿಸಲು ಹೋಗಿ ಎಪ್ಪತ್ತರ ವಯಸ್ಸಿನವರನ್ನು ಕಸ್ಟಮ್ಸ್ ಅಧಿಕಾರಿಯ ಮುಂದೆ ನಿಲ್ಲಿಸುವುದು ನಮಗಂತೂ ಸರಿ ಕಾಣುವುದಿಲ್ಲ.

ಬಿಲ್ಲಿನಲ್ಲಿ ತೂಕ, ಕ್ಯಾರೆಟ್, ಮಜೂರಿ ಬೇರೆ ಬೇರೆಯಾಗಿ ಬರೆಸಿ. ಹರಳಿದ್ದರೆ ಹರಳಿನ ತೂಕವನ್ನೂ ಬೇರೆ ಬರೆಸಿ. 24 ಕ್ಯಾರೆಟ್‌ನ ದಪ್ಪ ಕಡಗ, ಕೆಲಸವೇ ಇಲ್ಲದ ಚೈನು ಬೇಡ. ಒಡವೆ ರೂಪದ ಬಾರ್ ಎಂದು ಅನುಮಾನ ಬರುವುದು ಇಂಥದ್ದಕ್ಕೇ. ಇಲ್ಲಿಂದ ಹೊರಡುವಾಗಲೂ ಒಂದು ನಿಯಮವಿದೆ. ನಗದು, ಚಿನ್ನ, ಹರಳು ಎಲ್ಲ ಸೇರಿ 60,000 ದಿರ್ಹಮ್ ಮೀರಿದರೆ ಯುಎಇ ಕಸ್ಟಮ್ಸ್‌ಗೆ ಮೊದಲೇ ಘೋಷಣೆ ಮಾಡಬೇಕು. ಆನ್‌ಲೈನ್‌ನಲ್ಲೇ ಮಾಡಬಹುದು.

ಮೊದಲಿನಿಂದ ಇದ್ದ ಒಡವೆ

ಮದುವೆಯ ಒಡವೆ ಹಾಕಿಕೊಂಡೇ ಇಲ್ಲಿಗೆ ಬಂದವರಿಗೆ ತೊಂದರೆ ಬರುವುದು ಊರಿಗೆ ಹೋಗುವಾಗ. ಇದು ದುಬೈನದ್ದಲ್ಲ, ಚಿಕ್ಕಪೇಟೆಯದ್ದು ಎಂದು ಹೇಗೆ ತೋರಿಸುತ್ತೀರಿ? ಇದಕ್ಕೆ ದಾರಿ, ಭಾರತ ಬಿಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸುವುದು. ಒಡವೆಯ ವಿವರ, ತೂಕ ಅದರಲ್ಲಿರುತ್ತದೆ. ವಾಪಸ್ ಹೋಗುವಾಗ ಅದನ್ನು ತೋರಿಸಿದರೆ ಆ ಒಡವೆಗೆ ಸುಂಕದ ಮಾತು ಬರುವುದಿಲ್ಲ. ಚೆಕ್-ಇನ್‌ಗಿಂತ ತುಂಬಾ ಮೊದಲೇ ಹೋಗಬೇಕಾಗುತ್ತದೆ, ಸ್ವಲ್ಪ ಕಿರಿಕಿರಿಯೇ. ಸರ್ಕಾರಿ ಮಾನ್ಯತೆಯ ವ್ಯಾಲ್ಯುಯರ್ (ಒಡವೆಯ ಬೆಲೆ ಕಟ್ಟುವವರು) ಹತ್ತಿರ ಮೊದಲೇ ವರದಿ ಮಾಡಿಸಿಕೊಂಡು, ಫೋಟೋ ಇಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ. ನಿಮ್ಮವರು ಇನ್ನೂ ಊರಿನಲ್ಲಿದ್ದು ಮುಂದಿನ ತಿಂಗಳು ಬರುವವರಿದ್ದರೆ, ಇವತ್ತೇ ಫೋನ್ ಮಾಡಿ ಹೇಳಿ.

ದಿನಾ ಹಾಕುವ ಕರಿಮಣಿ, ಹಳೆಯ ಬಳೆಗಳ ಬಗ್ಗೆ ದೆಹಲಿ ಹೈಕೋರ್ಟ್ 2024ರಿಂದೀಚೆಗೆ ಹಲವು ಸಲ ಪ್ರಯಾಣಿಕರ ಪರ ಹೇಳಿದೆ. ಸ್ವಂತಕ್ಕೆ ಬಳಸಿದ ಒಡವೆಯನ್ನು ಹೊಸದಾಗಿ ತಂದ ಒಡವೆಯಂತೆ ನೋಡಬಾರದು ಎಂಬುದು ಅದರ ಮಾತು. ಒಳ್ಳೆಯದೇ. ಆದರೆ ಕೋರ್ಟಿನಲ್ಲಿ ಗೆಲ್ಲುವುದಕ್ಕಿಂತ ಒಂದು ಸರ್ಟಿಫಿಕೇಟ್ ಅಗ್ಗ.

ಇಳಿದ ಮೇಲೆ

ಮಿತಿಗಿಂತ ಒಂದು ಗ್ರಾಂ ಜಾಸ್ತಿ ಇದ್ದರೂ ಸುಂಕ ಕಟ್ಟುವವರ ದಾರಿಯಾದ ರೆಡ್ ಚಾನೆಲ್‌ಗೇ ಹೋಗಿ. ಗ್ರೀನ್ ಚಾನೆಲ್‌ನಲ್ಲಿ ನಡೆದರೆ "ನನ್ನ ಹತ್ತಿರ ಏನೂ ಇಲ್ಲ" ಎಂದು ಹೇಳಿದ ಹಾಗೆಯೇ ಲೆಕ್ಕ. ಅಲ್ಲಿ ಸಿಕ್ಕಿಬಿದ್ದರೆ ಚಿನ್ನ ಜಪ್ತಿ, ದಂಡ, ಮೊತ್ತ ದೊಡ್ಡದಾದರೆ ಬಂಧನ. ರೆಡ್ ಚಾನೆಲ್‌ನಲ್ಲಿ ಆಗುವುದು ಇಷ್ಟೇ: ಒಡವೆ ಬಿಚ್ಚಿ ತಟ್ಟೆಯಲ್ಲಿ ಇಡುತ್ತೀರಿ, ತೂಕ ಮಾಡುತ್ತಾರೆ, ಪಾಸ್‌ಪೋರ್ಟ್‌ನ ಮುದ್ರೆಗಳನ್ನು ಒಂದೊಂದಾಗಿ ಎಣಿಸುತ್ತಾರೆ, ಬಿಲ್ಲು ನೋಡುತ್ತಾರೆ, ಹಣ ಕಟ್ಟಿಸಿಕೊಂಡು ರಸೀದಿ ಕೊಡುತ್ತಾರೆ. ಅತಿಥಿ ಎಂಬ ಕಸ್ಟಮ್ಸ್ ಆ್ಯಪ್‌ನಲ್ಲಿ ಮೊದಲೇ ವಿವರ ತುಂಬಿಟ್ಟರೆ ಇನ್ನೂ ಸಲೀಸು.

"ಈ ಚೈನು ಒಂದು ಹಾಕ್ಕೊಂಡು ಹೋಗಿ, ಅಲ್ಲಿ ನಮ್ಮ ಹುಡುಗ ಬಂದು ತಗೋತಾನೆ" ಎಂದು ಯಾರು ಕೇಳಿದರೂ ಬೇಡ ಅನ್ನಿ. ಅವರು ನಿಮ್ಮ ಊರಿನವರೇ ಆಗಿರಲಿ, ನೆಂಟರೇ ಆಗಿರಲಿ. 2025ರ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ದುಬೈನಿಂದ ಬಂದ ಪ್ರಯಾಣಿಕರೊಬ್ಬರ ಬಳಿ 14.2 ಕಿಲೋ ಚಿನ್ನ ಹಿಡಿದ ಸುದ್ದಿ ಎಲ್ಲರಿಗೂ ನೆನಪಿದೆ. ನಿಮ್ಮದು ಬರೀ 50 ಗ್ರಾಂ ಇರಬಹುದು. ಮೈಮೇಲಿದ್ದರೆ ಉತ್ತರ ಕೊಡಬೇಕಾದವರು ನೀವೇ.

ಸುಂಕ ಕೇಳಿ ಎದೆ ಧಸಕ್ ಅಂದರೂ ಒಂದು ದಾರಿ ಉಳಿದಿರುತ್ತದೆ. ಪ್ರಾಮಾಣಿಕವಾಗಿ ಘೋಷಣೆ ಮಾಡಿದ್ದರೆ, ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ ಒಡವೆಯನ್ನು ಅವರ ಬಳಿಯೇ ಇಟ್ಟು, ಭಾರತ ಬಿಡುವಾಗ ವಾಪಸ್ ಪಡೆಯಲು ಕೇಳಬಹುದು. ಆಗ ಕೊಡುವ ರಸೀದಿಯನ್ನು ಜೋಪಾನ ಮಾಡಿ. ವಾಪಸ್ ಟಿಕೆಟ್ ಬೇರೆ ಊರಿನಿಂದ ಇದ್ದರೆ ಅದನ್ನು ಆ ಕೌಂಟರಿನಲ್ಲಿ ಆಗಲೇ ಹೇಳಿಬಿಡಿ.