ಚಿಕ್ಕಪ್ಪ ಮೀನಿನ ಕರುಳು ಕೊಂಡ ಕತೆ

ನಾನು ಸಿಡ್ನಿಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಜನರಿಗೆ ನೆರವಾಗುವ ಕೆಲಸ. ಮರೆವಿನ ಪರೀಕ್ಷೆಗೆ ನನ್ನ ಹತ್ತಿರ ಬರುವ ಹಿರಿಯರಲ್ಲಿ ಕ್ಯಾಂಟನೀಸ್ ಮಾತಾಡುವವರು ಜಾಸ್ತಿ. ಹಾಂಗ್‌ಕಾಂಗ್, ಗುವಾಂಗ್‌ಡಾಂಗ್, ವಿಯೆಟ್ನಾಂನಿಂದ ಬಂದವರು. ನನಗೆ ಆ ಭಾಷೆ ಬರಲ್ಲ.

ಮೊದಮೊದಲು ಎಂಎಂಎಸ್‌ಇ ಅನ್ನುವ ನೆನಪು, ಯೋಚನೆ ಪರೀಕ್ಷಿಸುವ ಪ್ರಶ್ನೆಗಳ ಇಂಗ್ಲಿಷ್ ಹಾಳೆ ಹಿಡಿದು, ದುಭಾಷಿಗೆ "ನಾನು ಹೇಳಿದ್ದನ್ನೇ ಹೇಳಿ" ಅಂತ ಸುಮ್ನೆ ಶುರು ಮಾಡುತ್ತಿದ್ದೆ. ಅದರಲ್ಲಿ 'ನೋ ಇಫ್ಸ್, ಆಂಡ್ಸ್ ಆರ್ ಬಟ್ಸ್' ಅಂತ ಒಂದು ಸಾಲಿದೆ, ಕೇಳಿದವರು ಹಾಗೇ ತಿರುಗಿ ಹೇಳಬೇಕು. ದುಭಾಷಿ ಪಾಪ ಅದಕ್ಕೆ ಅರ್ಥ ಹುಡುಕಿ ಏನೋ ಹೇಳಿದರು, ಎದುರಿಗಿದ್ದ ಅಜ್ಜಿ ಅದು ಪ್ರಶ್ನೆ ಅಂದುಕೊಂಡು ಹೂಂ ಅಂದರು, ನಾನು ಸೊನ್ನೆ ಹಾಕಿದೆ. ತಪ್ಪು ನನ್ನದೇ. ಆ ಸಾಲಿಗೆ ಅರ್ಥ ಬೇಕಿಲ್ಲ, ನಾಲಿಗೆ ತೊಡರಬೇಕು. 1994ರಲ್ಲೇ ಹಾಂಗ್‌ಕಾಂಗ್‌ನವರು ಮಾಡಿದ ಕ್ಯಾಂಟನೀಸ್ ಹಾಳೆಯಲ್ಲಿ ಅದರ ಜಾಗಕ್ಕೆ 'ಯೀ ಜೋಂಗ್ ಮಾಯ್ ಯೂ ಚೋಂಗ್' ಅಂತ ಇದೆ. ಅದರ ಅರ್ಥ, ಅಮ್ಮನ ತಂಗಿಯ ಗಂಡ, ಅಂದರೆ ನಮ್ಮ ಲೆಕ್ಕದಲ್ಲಿ ಚಿಕ್ಕಪ್ಪ, ಮೀನಿನ ಕರುಳು ಕೊಳ್ಳುತ್ತಾನೆ. ನಮ್ಮ 'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ' ಇದ್ದ ಹಾಗೆ ಅಲ್ವಾ!

ಋತು ಯಾವುದು ಅನ್ನುವ ಪ್ರಶ್ನೆಯೂ ಹೀಗೇ. ಜುಲೈಯಲ್ಲಿ, ಸಿಡ್ನಿಯ ಚಳಿಗಾಲದಲ್ಲಿ, ಒಬ್ಬರು ಸ್ವೆಟರ್ ಹಾಕಿಕೊಂಡು ಕೂತು "ಬೇಸಿಗೆ" ಅಂದರು. ಹಾಂಗ್‌ಕಾಂಗ್‌ನಲ್ಲಿ ಆಗ ಬೇಸಿಗೆಯೇ. ತಾರೀಖು ಕೇಳಿದರೆ ಕೆಲವರು ಚಾಂದ್ರಮಾನದ ದಿನ ಹೇಳುತ್ತಾರೆ. ನಮ್ಮಜ್ಜಿಯೂ "ಇವತ್ತು ಏಕಾದಶಿ" ಅನ್ನುತ್ತಿದ್ದಳೇ ಹೊರತು ತಾರೀಖು ಹೇಳಿದವಳಲ್ಲ. ಹಾಗಾಗಿ ಅಂಕ ಹಾಳೆಯ ನಿಯಮದಂತೆ ಹಾಕಿ, ಅವರು ಹೇಳಿದ ದಿನ ಸರಿಯೇ ಅಂತ ಪಂಚಾಂಗ ನೋಡಿ ಪಕ್ಕದಲ್ಲಿ ಬರೆದಿಡುತ್ತೇನೆ.

ಈಗ ಹೆಚ್ಚಾಗಿ ಬಳಸುವುದು ರುಡಾಸ್ ಅನ್ನುವ ಇನ್ನೊಂದು ಮರೆವಿನ ಪರೀಕ್ಷೆ. 2004ರಲ್ಲಿ ಸಿಡ್ನಿಯಲ್ಲೇ ರೂಪುಗೊಂಡಿದ್ದು, ಶಾಲೆಗೆ ಹೋಗದವರಿಗೂ ನಡೆಯುತ್ತದೆ. 30ಕ್ಕೆ 22 ಅಥವಾ ಕಡಿಮೆ ಬಂದರೆ ಮುಂದೆ ತಪಾಸಣೆ. ಇದರಲ್ಲೂ ಮೋಸವಿದೆ. ಪ್ರಾಣಿಗಳ ಹೆಸರು ಹೇಳಿ ಅಂದರೆ ಇಲಿ, ಎತ್ತು, ಹುಲಿ, ಮೊಲ ಅಂತ ಚೀನೀ ವರ್ಷಗಳ ಹನ್ನೆರಡು ಪ್ರಾಣಿಗಳನ್ನು ಬಾಯಿಪಾಠ ಒಪ್ಪಿಸಿಬಿಡುತ್ತಾರೆ. ಎಂಟು ಪ್ರಾಣಿ ಹೇಳಿದರೆ ಪೂರ್ತಿ ಅಂಕ! ಅಂಕ ಕೊಡುತ್ತೇನೆ, ಆದರೆ ಅದಾದ ಮೇಲೆ ಬೇರೆ ಪ್ರಾಣಿ ಬಂತೇ ಅಂತಲೂ ಗುರುತು ಹಾಕಿಕೊಳ್ಳುತ್ತೇನೆ.

ದುಭಾಷಿಯ ಜೊತೆ ಮೊದಲೇ ಕಾಲು ಗಂಟೆ ಕೂರುವುದು ಈಗ ಕಡ್ಡಾಯ. ರುಡಾಸ್‌ನಲ್ಲಿ ನೆನಪಿಟ್ಟು ಆಮೇಲೆ ಹೇಳಬೇಕಾದ ಅಂಗಡಿ ಪಟ್ಟಿಯಲ್ಲಿ ಚಹಾ, ಎಣ್ಣೆ, ಮೊಟ್ಟೆ, ಸೋಪು ಇವೆ, ಮರೆತರೆ ಚಹಾ ಒಂದನ್ನೇ ನೆನಪಿಸಬಹುದು. ದುಭಾಷಿ ಕರುಣೆಯಿಂದ "ಅಡುಗೆಗೆ ಹಾಕ್ತೀವಲ್ಲ" ಅಂತ ಎಣ್ಣೆಯ ಸುಳಿವು ಕೊಟ್ಟರೆ ಕೆಟ್ಟಿತು.

ಮೊದಲು ಸೊನ್ನೆ ಹಾಕಿದ್ದ ಅಜ್ಜಿಯನ್ನು ಮತ್ತೆ ಕರೆಸಿದೆ. ಚಿಕ್ಕಪ್ಪನ ಸಾಲನ್ನು ತಪ್ಪಿಲ್ಲದೆ ಹೇಳಿ ನಕ್ಕರು. ಆದರೆ ಪಟ್ಟಿ ಕೇಳಿದಾಗ, ಚಹಾ ಅಂದ ಮೇಲೂ, ಉಳಿದ ಮೂರೂ ಬರಲಿಲ್ಲ. ಮರೆವು ಇದ್ದೇ ಇತ್ತು. ಮಗಳಿಗೆ ತಿಳಿಸುವ ಮುಂಚೆ ದುಭಾಷಿಗೆ ಒಂದೇ ಮಾತು ಹೇಳಿದೆ: ಈ ಕಾಯಿಲೆಗೆ ಪೆದ್ದುತನ ಅನ್ನುವ ಅರ್ಥ ಬರುವ ಹಳೇ ಹೆಸರು ಬೇಡ, ಹಾಂಗ್‌ಕಾಂಗ್‌ನಲ್ಲಿ ಈಗ ಬಳಸುವ 'ಅರಿವಿನ ತೊಂದರೆ' ಅನ್ನುವುದನ್ನೇ ಹೇಳಿ.