ಉತ್ತರ ಕ್ಯಾರೊಲೈನಾದಲ್ಲಿ ಎಂಆರ್‌ಐ ಯಂತ್ರ ಕೊಳ್ಳುವ ಮುಂಚೆ

ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಸೆಂಟರ್ ತೆರೆಯುವವರು ಜಾಗ ಹುಡುಕುತ್ತಾರೆ, ಸಾಲ ಎತ್ತುತ್ತಾರೆ, ಯಂತ್ರ ತರಿಸುತ್ತಾರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳಿಗಿರುವ ಕೆಪಿಎಂಇ ನೋಂದಣಿ ಮಾಡಿಸುತ್ತಾರೆ. ಅದೇ ರಸ್ತೆಯಲ್ಲಿ ಆಗಲೇ ನಾಲ್ಕಿರುವಾಗ ಐದನೆಯದು ಯಾಕೆ ಅಂತ ಸರ್ಕಾರ ಕೇಳುವುದಿಲ್ಲ. ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದಲ್ಲಿ ಮೊದಲ ಪ್ರಶ್ನೆಯೇ ಅದು. ಎಂಆರ್‌ಐ, ಪೆಟ್ ಸ್ಕ್ಯಾನರ್, ಕ್ಯಾನ್ಸರ್‌ಗೆ ವಿಕಿರಣ ಕೊಡುವ ಲೀನಿಯರ್ ಆ್ಯಕ್ಸಿಲರೇಟರ್, ಹೃದಯದ ರಕ್ತನಾಳ ನೋಡುವ ಕ್ಯಾತ್ ಲ್ಯಾಬ್, ಆಪರೇಷನ್ ಥಿಯೇಟರ್, ಆಸ್ಪತ್ರೆಯ ಹಾಸಿಗೆ, ಡಯಾಲಿಸಿಸ್ ಕೇಂದ್ರ ಇವಕ್ಕೆಲ್ಲ (ದೊಡ್ಡ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಕೆಲವಕ್ಕಿರುವ ವಿನಾಯಿತಿ ಮುಂದೆ ಬರುತ್ತದೆ) ‘ಸರ್ಟಿಫಿಕೇಟ್ ಆಫ್ ನೀಡ್’ (ಸಿಒಎನ್), ಅಂದರೆ ಇದು ಇಲ್ಲಿಗೆ ಬೇಕೆಂದು ರಾಜ್ಯ ಕೊಡುವ ಅನುಮತಿ ಪತ್ರ, ಬೇಕು. ಅದಿಲ್ಲದೆ ಯಂತ್ರಕ್ಕೆ ಅಡ್ವಾನ್ಸ್ ಕೊಟ್ಟು ಕೂತರೆ ದುಡ್ಡು ಕೈಬಿಟ್ಟಂತೆಯೇ.

ಈ ಪದ್ಧತಿ 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಆಗೆಲ್ಲ ವಿಮೆಯವರು ಆಸ್ಪತ್ರೆಗೆ ತಗುಲಿದ ಖರ್ಚನ್ನೇ ಕಟ್ಟಿಕೊಡುತ್ತಿದ್ದರು. ಹಾಸಿಗೆ ಹಾಕಿದರೆ ಅದಕ್ಕೆ ರೋಗಿ ತಾನಾಗಿ ಬರುತ್ತಾನೆ ಎಂದು ಆರೋಗ್ಯ ಸಂಶೋಧಕ ಮಿಲ್ಟನ್ ರೋಮರ್ ತೋರಿಸಿಕೊಟ್ಟಿದ್ದರು. ಖರ್ಚು ಹಿಡಿತ ಮೀರದಿರಲಿ ಎಂದು ಹಾಸಿಗೆ, ಯಂತ್ರಗಳ ಸಂಖ್ಯೆಗೇ ಬೇಲಿ ಹಾಕಿದರು. 1974ರ ಅಮೆರಿಕದ ಕೇಂದ್ರ ಕಾಯ್ದೆಯು ಅನುದಾನದ ಆಸೆ ತೋರಿಸಿ ರಾಜ್ಯಗಳನ್ನು ಈ ದಾರಿಗೆ ತಂದಿತು. 1986ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ ಆ ಕಾಯ್ದೆ ರದ್ದು ಮಾಡಿತು, ಹಲವು ರಾಜ್ಯಗಳು ಮಾತ್ರ ಬಿಡಲಿಲ್ಲ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾಗಳಲ್ಲಿ ಸಿಒಎನ್ ಇಲ್ಲ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿರುವ ನೆಂಟರು ಹೇಳಿದ ಲೆಕ್ಕ ಉತ್ತರ ಕ್ಯಾರೊಲೈನಾದ ರಾಜಧಾನಿ ರಾಲೆಯಲ್ಲಿ ನಡೆಯದಿರುವುದು ಇದಕ್ಕೇ.

ಉತ್ತರ ಕ್ಯಾರೊಲೈನಾದಲ್ಲಿ ಎಲ್ಲದರ ಬೇರು ‘ಸ್ಟೇಟ್ ಮೆಡಿಕಲ್ ಫೆಸಿಲಿಟೀಸ್ ಪ್ಲಾನ್’ ಎಂಬ ದಪ್ಪನೆಯ ಪುಸ್ತಕ. ಪ್ರತಿ ವರ್ಷ ಜನವರಿ 1ಕ್ಕೆ ಹೊಸದು ಜಾರಿಗೆ ಬರುತ್ತದೆ. ಈ ವರ್ಷ ಯಾವ ಕೌಂಟಿಗೆ ಎಷ್ಟು ಎಂಆರ್‌ಐ, ಎಷ್ಟು ಥಿಯೇಟರ್, ಎಷ್ಟು ಹಾಸಿಗೆ ಬೇಕು ಎಂಬ ಕೋಷ್ಟಕಗಳು ಅದರಲ್ಲಿರುತ್ತವೆ. ನಿಮ್ಮ ಕೌಂಟಿಯ ಎದುರು ಸೊನ್ನೆ ಇದ್ದರೆ ಅರ್ಜಿ ಬರೆಯಲು ಕೂರಬೇಡಿ. ಸೊನ್ನೆ ತಪ್ಪು ಎನಿಸಿದರೆ ದಾರಿ ಬೇರೆ: ಲೆಕ್ಕದ ಸೂತ್ರವನ್ನೇ ಬದಲಿಸಿ ಎನ್ನುವವರು ಮಾರ್ಚ್ ಹೊತ್ತಿಗೆ, ನಮ್ಮ ಕೌಂಟಿಗೆ ವಿಶೇಷವಾಗಿ ಒಂದು ಸೇರಿಸಿ ಎನ್ನುವವರು ಜುಲೈ ಹೊತ್ತಿಗೆ ಈ ಪುಸ್ತಕ ಸಿದ್ಧಪಡಿಸುವ ಸ್ಟೇಟ್ ಹೆಲ್ತ್ ಕೋಆರ್ಡಿನೇಟಿಂಗ್ ಕೌನ್ಸಿಲ್‌ಗೆ ಮನವಿ ಕೊಡಬೇಕು. ಒಪ್ಪಿದರೂ ಅದು ಮುಂದಿನ ವರ್ಷದ ಪುಸ್ತಕಕ್ಕೆ.

ಕೋಷ್ಟಕದಲ್ಲಿ ‘1’ ಕಂಡರೆ ಅದು ನಿಮ್ಮೊಬ್ಬರಿಗೇ ಕಂಡಿರುವುದಿಲ್ಲ. ಪ್ರತಿ ಸೇವೆಗೂ ಪರಿಶೀಲನೆಯ ತಿಂಗಳು ಗೊತ್ತುಮಾಡಿರುತ್ತಾರೆ. ಅದರ ಹಿಂದಿನ ತಿಂಗಳ 15ರೊಳಗೆ ರಾಜ್ಯದ ಆರೋಗ್ಯ ಇಲಾಖೆಗೆ ಅರ್ಜಿ ಸೇರಬೇಕು. ಶುಲ್ಕ 5,000 ಡಾಲರ್, ಜೊತೆಗೆ ಯೋಜನಾ ವೆಚ್ಚದಲ್ಲಿ 10 ಲಕ್ಷ ಡಾಲರ್ ಮೀರಿದ ಭಾಗಕ್ಕೆ ಶೇ. 0.3, ಗರಿಷ್ಠ 50,000. ಮೂವತ್ತು ಲಕ್ಷದ ಯೋಜನೆಯಾದರೆ 11,000 ಆಯಿತು. ವಕೀಲರಿಗೂ ಅರ್ಜಿ ಬರೆದುಕೊಡುವ ಕನ್ಸಲ್ಟೆಂಟ್‌ಗೂ ಕೊಡುವುದು ಬೇರೆ. ಪರಿಶೀಲನೆ ಶುರುವಾದ ಮೊದಲ 30 ದಿನ ಯಾರು ಬೇಕಾದರೂ ಲಿಖಿತ ಅಭಿಪ್ರಾಯ ಕೊಡಬಹುದು. ಎದುರಾಳಿ ಆಸ್ಪತ್ರೆಯವರು ನಿಮ್ಮ ಅರ್ಜಿಯನ್ನು ಸಾಲುಸಾಲಾಗಿ ಬಿಡಿಸಿ ತಪ್ಪು ಹುಡುಕುವುದು ಆಗಲೇ. ತೀರ್ಮಾನಕ್ಕೆ 90 ದಿನ, ಬೇಕಾದರೆ ಇನ್ನೂ 60.

ಅರ್ಜಿ ಬಿದ್ದುಹೋಗುವುದು ಸಾಮಾನ್ಯವಾಗಿ ಲೆಕ್ಕದಲ್ಲಿ. ಕಾನೂನಿನ ಮಾನದಂಡಗಳಲ್ಲಿ ಮೂರನೆಯದು, ಯಾವ ಜನರಿಗೆ ಸೇವೆ, ಅವರಿಗೆ ಅದು ನಿಜಕ್ಕೂ ಬೇಕೇ ಎಂಬುದು. ಐದನೆಯದು ಹಣಕಾಸು, ಆರನೆಯದು ಇರುವುದನ್ನೇ ಮತ್ತೆ ಮಾಡುತ್ತಿದ್ದೀರಾ ಎಂಬುದು. ಸ್ಕ್ಯಾನ್ ಸಂಖ್ಯೆಯ ಅಂದಾಜು ಒಂದು ಪುಟದಲ್ಲಿ ಒಂದು ಥರ, ಆದಾಯದ ಪಟ್ಟಿಯಲ್ಲಿ ಇನ್ನೊಂದು ಥರ ಇದ್ದರೆ ಮೂರೂ ಒಟ್ಟಿಗೆ ಕುಸಿಯುತ್ತವೆ. ಪರಿಶೀಲನೆ ಶುರುವಾದ ಮೇಲೆ ಅರ್ಜಿ ತಿದ್ದಲು ಬಿಡುವುದಿಲ್ಲ. ಗೆದ್ದವರ, ಸೋತವರ ಅರ್ಜಿಗಳೂ ತೀರ್ಪುಗಳೂ ಸಾರ್ವಜನಿಕ ದಾಖಲೆ. ಕನ್ಸಲ್ಟೆಂಟ್‌ಗೆ ದುಡ್ಡು ಕೊಡುವ ಮೊದಲು ನಿಮ್ಮ ಕೌಂಟಿಯ ನಾಲ್ಕೈದು ತೀರ್ಪು ಓದಿ. ಅಷ್ಟು ಚೆನ್ನಾಗಿ ಕಲಿಸುವ ಪಾಠ ಬೇರೆಲ್ಲೂ ಸಿಗದು.

ಗೆದ್ದರೂ ಮುಗಿಯುವುದಿಲ್ಲ. ಸೋತವರು 30 ದಿನದೊಳಗೆ ಆಡಳಿತ ನ್ಯಾಯಾಧೀಶರ ಮುಂದೆ ಹೋಗಬಹುದು. 2022ರಲ್ಲಿ ರಾಜ್ಯದ ಪಶ್ಚಿಮದ ಆ್ಯಶ್‌ವಿಲ್ ಸುತ್ತಿನ ನಾಲ್ಕು ಕೌಂಟಿಗಳಿಗೆ 67 ಹಾಸಿಗೆ ಬೇಕೆಂದು ಪ್ಲಾನ್ ಹೇಳಿತು, ಮೂರು ಸಂಸ್ಥೆಗಳು ಅರ್ಜಿ ಹಾಕಿದವು, ನವೆಂಬರ್‌ನಲ್ಲಿ ಆ್ಯಡ್‌ವೆಂಟ್‌ಹೆಲ್ತ್ ಎಂಬ ಆಸ್ಪತ್ರೆ ಸಂಸ್ಥೆಗೆ ಮಂಜೂರಾಯಿತು. ಆ ಮೇಲೆ ವರ್ಷಗಟ್ಟಲೆ ನಡೆದದ್ದು ಕೋರ್ಟು ಕಚೇರಿ. ಬ್ಯಾಂಕ್ ಸಾಲದ ಕರಾರು ಮಾಡುವಾಗ ಈ ಕಾಯುವ ಕಾಲವನ್ನೂ ಸೇರಿಸಿಕೊಳ್ಳಿ. ಜೊತೆಗೆ, ಸಿಒಎನ್ ಸಿಗುವುದು ಆ ಹೆಸರಿಗೆ, ಆ ಜಾಗಕ್ಕೆ, ಅಷ್ಟು ಕೆಲಸಕ್ಕೆ ಮಾತ್ರ. ವೆಚ್ಚ ಮಂಜೂರಾದದ್ದರ ಶೇ. 115 ಮೀರಿದರೆ ಮತ್ತೆ ಅರ್ಜಿ.

ಸಿಟಿ ಸ್ಕ್ಯಾನ್, ಅಲ್ಟ್ರಾಸೌಂಡ್, ಎಕ್ಸ್-ರೇ ಸೇರಿಸಿ ಸಣ್ಣ ಸೆಂಟರ್ ಮಾಡುವವರು ‘ಡಯಾಗ್ನೋಸ್ಟಿಕ್ ಸೆಂಟರ್’ ಎಂಬ ಪದಕ್ಕೆ ಎಡವುತ್ತಾರೆ. ತಲಾ 10,000 ಡಾಲರ್ ಅಥವಾ ಹೆಚ್ಚು ಬೆಲೆಯ ಸಲಕರಣೆಗಳೆಲ್ಲ ಸೇರಿ 30 ಲಕ್ಷ ಡಾಲರ್ ದಾಟಿದರೆ ಸಿಒಎನ್ ಬೇಕು (2023ರ ಕಾನೂನು ಈ ಮಿತಿ ಏರಿಸಿತು, ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಹೊಂದಿಸುವ ಏರ್ಪಾಡೂ ಇದೆ). ಹಳೇ ಯಂತ್ರ ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗಬೇಡಿ. ಕೊಟ್ಟ ಬೆಲೆ, ಮಾರುಕಟ್ಟೆ ಬೆಲೆ ಎರಡರಲ್ಲಿ ಹೆಚ್ಚಿನದೇ ಲೆಕ್ಕಕ್ಕೆ ಬರುವುದು. ಕೂರಿಸುವ ಖರ್ಚೂ ಅದರಲ್ಲೇ.

2023ರ ಅದೇ ಕಾನೂನು, ಬಡವರಿಗಾಗಿನ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ವಿಸ್ತರಣೆಯ ಜೊತೆಗೆ ಬಾಗಿಲು ಸ್ವಲ್ಪ ತೆರೆಯಿತು. 2020ರ ಜನಗಣತಿಯಲ್ಲಿ 1,25,000ಕ್ಕಿಂತ ಹೆಚ್ಚು ಜನರಿದ್ದ ಕೌಂಟಿಗಳಲ್ಲಿ ಡೇ ಸರ್ಜರಿ ಕೇಂದ್ರಗಳಿಗೆ 2025ರ ನವೆಂಬರ್ 21ರಿಂದ, ಎಂಆರ್‌ಐಗೆ 2026ರ ನವೆಂಬರ್ 21ರಿಂದ ಸಿಒಎನ್ ಬೇಡ. ಡೇ ಸರ್ಜರಿಯವರಿಗೆ ಲೈಸೆನ್ಸ್ ಬೇಕೇ ಬೇಕು, ಮೆಡಿಕೇಡ್‌ನವರಿಗೂ ವಿಮೆಯಿಲ್ಲದವರಿಗೂ ದರದಲ್ಲಿ ಬಿಟ್ಟುಕೊಟ್ಟದ್ದು ಗಳಿಕೆಯ ಶೇ. 4ರಷ್ಟಾದರೂ ಆಗಬೇಕು. ವೇಕ್, ಡರಮ್, ಮೆಕ್ಲನ್‌ಬರ್ಗ್ ಈ ಪಟ್ಟಿಯಲ್ಲಿವೆ. ಚ್ಯಾಥಮ್ ಇಲ್ಲ, ಅಲ್ಲಿದ್ದದ್ದು ಸುಮಾರು 76,000 ಜನ. ಕ್ಯಾರಿ ಊರಿನ ಪಶ್ಚಿಮದ ಅಂಚು ಚ್ಯಾಥಮ್‌ನೊಳಕ್ಕೆ ಚಾಚಿದೆ. ಲೀಸ್‌ಗೆ ಸಹಿ ಹಾಕುವ ಮೊದಲು ಅಂಚೆ ವಿಳಾಸದ ‘ಕ್ಯಾರಿ’ ನಂಬದೆ ಆಸ್ತಿ ತೆರಿಗೆ ಯಾವ ಕೌಂಟಿಗೆ ಹೋಗುತ್ತದೆ ನೋಡಿ.

ನ್ಯೂ ಬರ್ನ್‌ನ ಕಣ್ಣಿನ ವೈದ್ಯ ಜೇ ಸಿಂಗಲ್‌ಟನ್ ತಮ್ಮ ಕ್ಲಿನಿಕ್‌ನಲ್ಲೇ ಆಪರೇಷನ್ ಮಾಡಲು ಸಿಒಎನ್ ಅಡ್ಡಿಯಾಗಿದೆ ಎಂದು 2020ರಲ್ಲಿ ದಾವೆ ಹೂಡಿದರು. 2024ರ ಅಕ್ಟೋಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಕೆಳಗಿನ ಕೋರ್ಟಿಗೆ ಮರಳಿಸಿತು. ಅವರ ಕ್ರೇವನ್ ಕೌಂಟಿಯ ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಹಾಗಾಗಿ ಹೊಸ ವಿನಾಯಿತಿ ಅಲ್ಲಿಗೆ ತಾಗುವುದೇ ಇಲ್ಲ. ಸಣ್ಣ ಊರಲ್ಲಿ ಸ್ಪರ್ಧೆ ಬಂದರೆ ಆಸ್ಪತ್ರೆ ಮುಚ್ಚೀತು ಎನ್ನುವುದು ಆಸ್ಪತ್ರೆಗಳ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಬೇಲಿ ಹಾಕಿಸಿಕೊಂಡವರೇ ಬೇಲಿಯ ಪರ ವಾದಿಸುವುದನ್ನು ಅಷ್ಟಕ್ಕೇ ತೂಗಬೇಕು.

ಶಾರ್ಲಟ್ ನಗರದ ದಕ್ಷಿಣದಲ್ಲಿರುವವರಿಗೆ ಗಡಿಯಾಚೆ, ದಕ್ಷಿಣ ಕ್ಯಾರೊಲೈನಾದ ಫೋರ್ಟ್ ಮಿಲ್ ಇದೆ. ದಕ್ಷಿಣ ಕ್ಯಾರೊಲೈನಾ 2023ರಲ್ಲಿ ಸಿಒಎನ್ ಬಹುಪಾಲು ಕಿತ್ತುಹಾಕಿತು. ಆಸ್ಪತ್ರೆಗಳಿಗೆ 2027ರ ಜನವರಿ 1ರವರೆಗೆ, ನರ್ಸಿಂಗ್ ಹೋಮ್‌ಗಳಿಗೆ ಮುಂದೆಯೂ ಉಳಿಸಿಕೊಂಡಿತು. ನರ್ಸಿಂಗ್ ಹೋಮ್ ಎಂದರೆ ಇಲ್ಲಿ ನಮ್ಮೂರಿನ ಹೆರಿಗೆ ಆಸ್ಪತ್ರೆಯಲ್ಲ, ವಯಸ್ಸಾದವರನ್ನು ದೀರ್ಘಕಾಲ ನೋಡಿಕೊಳ್ಳುವ ಜಾಗ. ಊರಿಂದ ಬಂದ ಅಪ್ಪ ಅಮ್ಮಂದಿರಿಗಾಗಿ ಅನ್ನ ಸಾರು ಸಿಗುವ ವೃದ್ಧರ ಮನೆ ಮಾಡೋಣ ಎಂದು ಉತ್ತರ ಕ್ಯಾರೊಲೈನಾದಲ್ಲಿ ಯೋಚಿಸುವವರು ಒಂದು ಸಂಖ್ಯೆ ನೆನಪಿಡಿ: ಎರಡರಿಂದ ಆರು ಹಾಸಿಗೆಯ ‘ಫ್ಯಾಮಿಲಿ ಕೇರ್ ಹೋಮ್’ಗೆ ಲೈಸೆನ್ಸ್ ಸಾಕು. ಏಳನೇ ಹಾಸಿಗೆ ಹಾಕಿದಿರೋ, ಮತ್ತೆ ಅದೇ ದಪ್ಪ ಪುಸ್ತಕ ತೆರೆಯಬೇಕು.